ಹೀಟ್ ಮ್ಯಾಟ್ ಮೇಲಿನ ಗಾಜು 44 ಡಿಗ್ರಿ ತೋರಿಸುತ್ತಿದೆ. ಗೆಕೋ ಬರುವ ಮೊದಲು ಏನೇನು ಸರಿ ಮಾಡಬೇಕು?

ಚುಕ್ಕಿಬಾಲ:

ಎಲ್ಲರಿಗೂ ನಮಸ್ಕಾರ. ಪರಿಚಯದವರೊಬ್ಬರು ಕೆಲಸದ ಮೇಲೆ ದೂರ ಹೋಗುತ್ತಿದ್ದಾರೆ. ಅವರ ಲೆಪರ್ಡ್ ಗೆಕೋ (ಮೈಮೇಲೆ ಚುಕ್ಕೆಗಳಿರುವ ಸಾಕು ಹಲ್ಲಿ) ಇನ್ನು ನನ್ನ ಬಳಿ ಇರುತ್ತದೆ. ಬೆಳೆದ ಹೆಣ್ಣು, ಬಾಲ ತುಂಬಿಕೊಂಡಿದೆ, ಚೆನ್ನಾಗಿ ತಿನ್ನುತ್ತದಂತೆ. ಟ್ಯಾಂಕ್ ಮೊದಲೇ ಬಂದಿದೆ. ಗೆಕೋ ಬರುವಷ್ಟರಲ್ಲಿ ಬಿಸಿಯ ವ್ಯವಸ್ಥೆ ಪಕ್ಕಾ ಆಗಿರಲಿ ಅಂತ ಈಗಲೇ ಕೇಳುತ್ತಿದ್ದೇನೆ.

ಟ್ಯಾಂಕ್ ಗಾಜಿನದು. 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಒಂದು ತುದಿಯಲ್ಲಿ ತಳದ ಗಾಜಿಗೆ ಹೊರಗಿನಿಂದ ಹೀಟ್ ಮ್ಯಾಟ್ (ಕರೆಂಟ್‌ನಿಂದ ಕಾಯುವ ತೆಳು ಹಾಳೆ) ಅಂಟಿಸಿದೆ. ಬಿಸಿ ಸಾಕಾದಾಗ ಹೀಟರ್ ತಡೆಯುವ ಥರ್ಮೋಸ್ಟಾಟ್ ಇಲ್ಲ, ನೇರವಾಗಿ ಪ್ಲಗ್‌ಗೆ ಹಾಕುವುದು. ಒಳಗೆ ಸುಮಾರು 4 ಸೆಂ.ಮೀ. ಮಣ್ಣು-ಮರಳಿನ ಹಾಸು ಇದೆ.

ಇಡೀ ದಿನ ಆನ್ ಮಾಡಿಟ್ಟು ಅಳೆದೆ. ಒಳಗೋಡೆಗೆ ಅಂಟಿಸಿರುವ ಮುಳ್ಳಿನ ಥರ್ಮಾಮೀಟರ್ 28 ಅನ್ನುತ್ತದೆ. ಮುಟ್ಟದೆಯೇ ಬಿಸಿ ಅಳೆಯುವ ಟೆಂಪರೇಚರ್ ಗನ್ ಅನ್ನು ಹಾಸಿನ ಮೇಲೆ ಹಿಡಿದರೆ 31. ಹಾಸನ್ನು ಪಕ್ಕಕ್ಕೆ ಸರಿಸಿ ಗಾಜಿಗೇ ಹಿಡಿದರೆ 44!

ಮೂರರಲ್ಲಿ ಯಾವುದನ್ನು ನಂಬಲಿ? ಹಾಸಿನ ಮೇಲೆ 31 ಇದೆಯಲ್ಲ, ಹಾಗೇ ಬಿಡಬಹುದಾ?

ಮುಸ್ಸಂಜೆ:

ಹಾಗೇ ಬಿಡಬೇಡಿ. ಈಗಲೇ ಪ್ಲಗ್ ತೆಗೆದುಬಿಡಿ. ಗೆಕೋ ಬರುವ ಮೊದಲೇ ಅಳೆದು ನೋಡಿದಿರಲ್ಲ, ತುಂಬಾ ಒಳ್ಳೆಯ ಕೆಲಸ.

ಗೋಡೆಯ ಮೀಟರ್ ಆ ಗಾಜಿನ ಗೋಡೆಯ ಬಿಸಿಯನ್ನಷ್ಟೇ ಹೇಳುತ್ತದೆ. ಅದರಲ್ಲೂ ಮುಳ್ಳಿನವು ಎರಡು ಮೂರು ಡಿಗ್ರಿ ಆಚೀಚೆ ಆಗುವುದು ಸಾಮಾನ್ಯ. ಅದನ್ನು ಕಿತ್ತು ಹಾಕಿದರೂ ನಷ್ಟವಿಲ್ಲ. 31 ನಿಜ, 44 ಕೂಡ ನಿಜ. ಆದರೆ ಅಪಾಯ ಇರುವುದು 44ರಲ್ಲಿ.

ಲೆಪರ್ಡ್ ಗೆಕೋ ಅಗೆಯುವ ಪ್ರಾಣಿ. ಹಾಸು ಸಡಿಲವಾಗಿದ್ದರೆ ಕೆದಕುತ್ತಾ ಕೆದಕುತ್ತಾ ತಳದ ಗಾಜು ಮುಟ್ಟುತ್ತದೆ. ಆಮೇಲೆ ಅಲ್ಲೇ ಹೊಟ್ಟೆ ಊರಿಕೊಂಡು ಗಂಟೆಗಟ್ಟಲೆ ಮಲಗುತ್ತದೆ. ಮೇಲೆ 31 ಇದ್ದರೆ ಅದಕ್ಕೇನು ಪ್ರಯೋಜನ? ಹೊಟ್ಟೆ ತಾಗಬಹುದಾದ ಜಾಗಗಳಲ್ಲಿ ಅತಿ ಬಿಸಿ ಯಾವುದೋ ಅದನ್ನೇ ಅಳೆಯಬೇಕು. ನಾನು ಯಾವ ಟ್ಯಾಂಕ್ ನೋಡಿದರೂ ಮೊದಲು ಹುಡುಕುವುದು ಆ ಜಾಗವನ್ನೇ.

ನಿಮ್ಮ ಗುರಿ ಹೀಗಿರಲಿ: ಬಿಸಿ ಬದಿಯ ಅಡಗುಗೂಡಿನ ನೆಲ 31ರಿಂದ 33 ಡಿಗ್ರಿ. ತಣ್ಣನೆಯ ಬದಿ 24ರಿಂದ 26. ಮ್ಯಾಟ್ ಬಳಸುವಾಗ ಪ್ರಾಣಿಯ ಹೊಟ್ಟೆ ತಾಗುವ ಯಾವ ಜಾಗವೂ 35 ದಾಟಬಾರದು. ಎಲ್ಲ ಸೆಲ್ಸಿಯಸ್ ಲೆಕ್ಕ.

ಹಳೇಗೂಡು:

ಇಷ್ಟು ಗಾಬರಿ ಬೇಕಿಲ್ಲ ಅನಿಸುತ್ತದೆ. ನಾನು ವರ್ಷಗಟ್ಟಲೆ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಬಳಸಿದ್ದೇನೆ. ನನ್ನ ಗೆಕೋಗಳಿಗೆ ಏನೂ ಆಗಿಲ್ಲ, ವಯಸ್ಸಾಗಿವೆ, ಚೆನ್ನಾಗಿವೆ. ಗಾಜು ಬಿಸಿ ಅನಿಸಿದರೆ ಹಾಸನ್ನು ಇನ್ನೂ ದಪ್ಪ ಮಾಡಿ, ಅಷ್ಟೇ. 8 ಸೆಂ.ಮೀ. ಹಾಕಿದರೆ ಅಲ್ಲಿಯವರೆಗೆ ಅಗೆಯುವುದಿಲ್ಲ.

ಫ್ಯೂಸ್‌ವೈರ್:

ಹಳೇಗೂಡು ಅವರೇ, ನಿಮ್ಮ ಪ್ರಾಣಿಗಳು ಚೆನ್ನಾಗಿರುವುದು ಸಂತೋಷ. ಆದರೆ ಹಾಸು ದಪ್ಪ ಮಾಡುವ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ನಾನು ವೈರಿಂಗ್ ಕೆಲಸದವನು, ಮನೆಯಲ್ಲಿ ಗೆಕೋಗಳೂ ಇವೆ. ಕಾರಣ ಬಿಡಿಸಿ ಹೇಳುತ್ತೇನೆ.

ಮ್ಯಾಟ್ ಒಳಗೆ ಇರುವುದು ಬರೀ ಬಿಸಿಯಾಗುವ ಪಟ್ಟಿ. ಅದಕ್ಕೆ "ಇಷ್ಟು ಡಿಗ್ರಿ ಸಾಕು" ಅನ್ನುವುದು ಗೊತ್ತಿಲ್ಲ. 15 ವ್ಯಾಟ್‌ನ ಮ್ಯಾಟ್ ಅಂದರೆ ಚಳಿಯಿರಲಿ, ಸೆಕೆಯಿರಲಿ, ಅದೇ 15 ವ್ಯಾಟ್ ಬಿಸಿಯನ್ನು ಸುರಿಯುತ್ತಲೇ ಇರುತ್ತದೆ. ಗಾಜು ಎಷ್ಟು ಕಾಯುತ್ತದೆ ಅನ್ನುವುದು ಆ ಬಿಸಿ ಎಷ್ಟು ಬೇಗ ಹೊರಗೆ ಹೋಗುತ್ತದೆ ಅನ್ನುವುದರ ಮೇಲಿದೆ. ಕೋಣೆ 18 ಡಿಗ್ರಿ ಇದ್ದಾಗ ಗಾಜು 32ಕ್ಕೆ ನಿಂತರೆ, ಕೋಣೆ 30 ಆದ ದಿನ ಅದೇ ಗಾಜು ಹೆಚ್ಚುಕಡಿಮೆ 44 ಆಗುತ್ತದೆ. ಮ್ಯಾಟ್ ಬದಲಾಗಿಲ್ಲ, ಕೋಣೆ ಬದಲಾಗಿದೆ. ನಿಮ್ಮ ಕೋಣೆ ಯಾವಾಗಲೂ ತಂಪಾಗಿತ್ತೇನೋ. ಚುಕ್ಕಿಬಾಲ ಅವರ ಕೋಣೆ ಹೇಗಿದೆಯೋ ನಮಗೆ ಗೊತ್ತಿಲ್ಲ.

ಇನ್ನು ಹಾಸಿನ ವಿಷಯ. ಒಣ ಮಣ್ಣು, ಮರಳು ಎರಡೂ ಬಿಸಿಯನ್ನು ತಡೆದು ನಿಲ್ಲಿಸುತ್ತವೆ. ದಪ್ಪ ಮಾಡಿದಷ್ಟೂ ಮೇಲ್ಭಾಗ ತಣ್ಣಗಾಗುತ್ತದೆ, ತಳದ ಗಾಜು ಇನ್ನೂ ಕಾಯುತ್ತದೆ. ಮೇಲೆ ತಣ್ಣಗಾದಾಗ ಗೆಕೋ ಏನು ಮಾಡುತ್ತದೆ? ಬಿಸಿಗಾಗಿ ಅಗೆಯುತ್ತದೆ. ಅಂದರೆ ಅಪಾಯವೂ ಜಾಸ್ತಿ, ಅದರ ಕಡೆ ಹೋಗುವ ಕಾರಣವೂ ಜಾಸ್ತಿ.

ಗಾಜಿಗೂ ಇದು ಒಳ್ಳೆಯದಲ್ಲ. ಒಂದು ಭಾಗ ವಿಪರೀತ ಕಾದು ಪಕ್ಕದ ಭಾಗ ತಣ್ಣಗಿದ್ದರೆ ಬಿರುಕು ಬಿಡಬಹುದು. ಟ್ಯಾಂಕ್‌ನ ನಾಲ್ಕು ಮೂಲೆಗೆ ರಬ್ಬರ್ ಕಾಲು ಇಟ್ಟು, ಕೆಳಗೆ ಗಾಳಿ ಆಡುವಷ್ಟು ಸಂದು ಬಿಡಿ ಅಂತ ಹೇಳುವುದು ಇದಕ್ಕೇ. ಮ್ಯಾಟ್ ಅನ್ನು ಮೇಜಿನ ಹಲಗೆಗೂ ಗಾಜಿಗೂ ನಡುವೆ ಒತ್ತಿಟ್ಟರೆ ಬಿಸಿಗೆ ಹೋಗಲು ದಾರಿಯೇ ಇರುವುದಿಲ್ಲ.

ಬಿಳಿಕೋಟು:

ಪ್ರಾಣಿಗಳ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಸುಟ್ಟ ಹೊಟ್ಟೆಯ ಹಲ್ಲಿಗಳನ್ನು ನೋಡಿದ್ದೇನೆ. ಅದಕ್ಕೇ ಈ ಮಾತು.

"ಬಿಸಿಯಾದರೆ ಎದ್ದು ಹೋಗುತ್ತದೆ ಬಿಡಿ" ಅಂತ ತುಂಬಾ ಜನ ನಂಬಿದ್ದಾರೆ. ಯಾವಾಗಲೂ ಹಾಗಾಗುವುದಿಲ್ಲ. ಸರೀಸೃಪಗಳು ತಮ್ಮ ಮೈಯನ್ನು ಒಳಗಿಂದ ಬೆಚ್ಚಗೆ ಮಾಡಿಕೊಳ್ಳಲಾರವು, ಹೊರಗಿನ ಬಿಸಿಯೇ ಗತಿ. ಇಡೀ ಮೈ ತಣ್ಣಗಿದ್ದು ಹೊಟ್ಟೆಯ ಕೆಳಗಿನ ಒಂದು ಜಾಗ ಮಾತ್ರ ಬಿಸಿಯಿದ್ದರೆ, ಮೈ ಬೆಚ್ಚಗಾಗಲಿ ಅಂತ ಅಲ್ಲೇ ಕೂತಿರುತ್ತವೆ. ಅಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ. ಮುಟ್ಟಿದ ಕೂಡಲೇ ಸುಡುವಷ್ಟು ಬಿಸಿ ಬೇಕಿಲ್ಲ. ನಮಗೆ ಬರೀ ಬೆಚ್ಚಗೆ ಅನಿಸುವ ಬಿಸಿಯೂ ಗಂಟೆಗಟ್ಟಲೆ ತಾಗಿದರೆ ಗಾಯ ಮಾಡುತ್ತದೆ. ಹಾಗಾಗಿ ಕೈಯಿಟ್ಟು ನೋಡಿ ತೀರ್ಮಾನಿಸಬೇಡಿ.

ಗೆಕೋವನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು ಆಗಾಗ ಕೆಳಗಿನಿಂದ ಹೊಟ್ಟೆ ನೋಡಿ. ಕೆಂಪು ಅಥವಾ ಕಂದು ಕಲೆ, ಗುಳ್ಳೆ, ಒಣಗಿ ಗಟ್ಟಿಯಾದ ಚರ್ಮ ಕಂಡರೆ ಹೀಟರ್ ಆರಿಸಿ. ಹಾಸು ತೆಗೆದು ಬಿಳಿ ಟಿಶ್ಯೂ ಕಾಗದ ಹಾಕಿ. ಈಗಷ್ಟೇ ಸುಟ್ಟಿದ್ದರೆ ಕೋಣೆಯ ತಾಪದ ನೀರಿನಿಂದ ತಂಪು ಮಾಡಿ, ಐಸ್ ಬೇಡ. ಮನೆಯಲ್ಲಿರುವ ಮುಲಾಮು, ಎಣ್ಣೆ ಏನೂ ಹಚ್ಚಬೇಡಿ. ಸರೀಸೃಪಗಳ ಅನುಭವ ಇರುವ ವೈದ್ಯರ ಬಳಿ ಅದೇ ದಿನ ಕರೆದುಕೊಂಡು ಹೋಗಿ. ಹೊರಗೆ ಚಿಕ್ಕದಾಗಿ ಕಾಣುವ ಸುಟ್ಟ ಗಾಯ ಒಳಗೆ ಆಳವಾಗಿರಬಹುದು, ಸೋಂಕೂ ಬೇಗ ತಗಲುತ್ತದೆ.

ಹಳೇಗೂಡು:

ಫ್ಯೂಸ್‌ವೈರ್ ಅವರು ಹೇಳಿದ ಕೋಣೆಯ ಲೆಕ್ಕ ಒಪ್ಪುತ್ತೇನೆ. ನಮ್ಮದು ವರ್ಷಪೂರ್ತಿ ತಂಪಾಗಿರುವ ಕೋಣೆ, ಮ್ಯಾಟ್ ಕೂಡ ಸಣ್ಣದು. ಆದರೆ ನನ್ನದೊಂದು ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡುವುದಿಲ್ಲ. ಥರ್ಮೋಸ್ಟಾಟ್ ಕೂಡ ಒಂದು ಯಂತ್ರ ತಾನೇ? ಅದೇ ಕೆಟ್ಟರೆ? ಥರ್ಮೋಸ್ಟಾಟ್ ಇದೆ ಅಂತ ನಂಬಿ ದೊಡ್ಡ ಹೀಟರ್ ಹಾಕಿರುತ್ತೇವೆ. ಅದು ಕೈಕೊಟ್ಟ ದಿನ ಪೂರ್ತಿ ಬಿಸಿ ಪ್ರಾಣಿಯ ಮೇಲೆ ಬೀಳುತ್ತದಲ್ಲ?

ಫ್ಯೂಸ್‌ವೈರ್:

ಇದು ಕೇಳಲೇಬೇಕಾದ ಪ್ರಶ್ನೆ. ಈ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸುವುದೂ ಇದೇ. ಥರ್ಮೋಸ್ಟಾಟ್ ಕೆಟ್ಟರೂ ಪ್ರಾಣಿ ಬದುಕಬೇಕು. ಹಾಗೆ ಯೋಚಿಸಿಯೇ ಗೂಡು ಕಟ್ಟಬೇಕು.

ಆನ್-ಆಫ್ ಮಾಡುವ ಥರ್ಮೋಸ್ಟಾಟ್ ಒಳಗೆ ರಿಲೇ, ಅಂದರೆ ತಾನಾಗಿ ಕೆಲಸ ಮಾಡುವ ಸ್ವಿಚ್ ಇರುತ್ತದೆ. ಅದರ ಎರಡು ತುದಿಗಳು ಒಂದಕ್ಕೊಂದು ಬೆಸೆದುಕೊಂಡರೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಪರದೆಯ ಮೇಲೆ "ಆಫ್" ಅಂತ ಕಂಡರೂ. ಪ್ರೋಬ್ (ವೈರ್ ತುದಿಯಲ್ಲಿ ಬಿಸಿ ಅಳೆಯುವ ಭಾಗ) ಜಾಗ ಬಿಟ್ಟು ಜಾರಿದರೂ ಹೀಗೇ. ತಣ್ಣನೆಯ ಜಾಗದಲ್ಲಿ ಬಿದ್ದ ಪ್ರೋಬ್ "ಇನ್ನೂ ಬಿಸಿ ಬೇಕು" ಅನ್ನುತ್ತದೆ, ಹೀಟರ್ ಓಡುತ್ತಲೇ ಇರುತ್ತದೆ. ಪ್ರೋಬ್ ಒದ್ದೆಯಾದರೂ ಅಷ್ಟೇ. ನೀರು ಆರುವಾಗ ಅದು ತಂಪಾಗಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಹಾಗಾಗಿ ನಾನು ಮೂರು ಹಂತ ನೋಡುತ್ತೇನೆ.

ಮೊದಲನೆಯದು ಹೀಟರ್‌ನ ಗಾತ್ರ. ಕೋಣೆ ಅತಿ ತಂಪಾದಾಗ ಬೇಕಾದಷ್ಟು ಬಿಸಿ ಕೊಡಬೇಕು, ಅದಕ್ಕಿಂತ ತುಂಬಾ ಜಾಸ್ತಿ ಶಕ್ತಿ ಇರಬಾರದು. ಥರ್ಮೋಸ್ಟಾಟ್ ಅದನ್ನು ಅರ್ಧದಷ್ಟು ಹೊತ್ತು ಆನ್ ಇಡುತ್ತಿದ್ದರೆ ಸರಿ. ಗಂಟೆಗೆ ನಾಲ್ಕೇ ನಿಮಿಷ ಆನ್ ಆಗುತ್ತಿದ್ದರೆ ಆ ಹೀಟರ್ ನಿಮ್ಮ ಗೂಡಿಗೆ ಅತಿಯಾಯಿತು.

ಎರಡನೆಯದು ತಪ್ಪಿಸಿಕೊಳ್ಳುವ ಜಾಗ. ಮ್ಯಾಟ್ ತಳದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು. ಇನ್ನೊಂದು ತುದಿಯಲ್ಲಿ ತಣ್ಣನೆಯ ಅಡಗುಗೂಡು ಇರಲೇಬೇಕು. ತುಂಬಾ ಚಿಕ್ಕ ಟ್ಯಾಂಕ್‌ನಲ್ಲಿ ಇದು ಆಗುವುದಿಲ್ಲ, ಬಿಸಿ ಏರಿದರೆ ಇಡೀ ಪೆಟ್ಟಿಗೆಯೇ ಏರುತ್ತದೆ. ಚುಕ್ಕಿಬಾಲ ಅವರ 90 ಸೆಂ.ಮೀ. ಒಳ್ಳೆಯ ಅಳತೆ.

ಮೂರನೆಯದು ಎರಡನೇ ಕಾವಲು. ಇನ್ನೊಂದು ಥರ್ಮೋಸ್ಟಾಟ್ ಅನ್ನು ಮೊದಲಿನದರ ಜೊತೆ ಸಾಲಾಗಿ ಹಾಕಬಹುದು. ಗೋಡೆಯ ಪ್ಲಗ್, ಅದರಿಂದ ಒಂದು ಥರ್ಮೋಸ್ಟಾಟ್, ಅದರಿಂದ ಇನ್ನೊಂದು, ಕೊನೆಗೆ ಹೀಟರ್. ಎರಡಕ್ಕೂ ಬೇರೆ ಬೇರೆ ಪ್ರೋಬ್. ಒಂದು 32ಕ್ಕೆ, ಇನ್ನೊಂದು 35ಕ್ಕೆ. ಮೊದಲಿನದು ಕೆಟ್ಟು ಬಿಸಿ ಏರಿದರೆ ಎರಡನೆಯದು ಕತ್ತರಿಸುತ್ತದೆ. ಇವು ಆನ್-ಆಫ್ ಬಗೆಯವೇ ಆಗಿರಬೇಕು. ಕರೆಂಟ್ ಅನ್ನು ಸ್ವಲ್ಪ ಸ್ವಲ್ಪವಾಗಿ ಏರಿಳಿಸುವ ಡಿಮ್ಮರ್ ಬಗೆಯದನ್ನು ಹೀಗೆ ಒಂದರ ಹಿಂದೆ ಒಂದು ಜೋಡಿಸಬೇಡಿ.

ಹಳೇಗೂಡು:

ಇದು ಸರಿಯಾದ ಉತ್ತರ. ನಾನೂ ಒಂದು ಥರ್ಮೋಸ್ಟಾಟ್ ಹಾಕಿಸುತ್ತೇನೆ.

ಚುಕ್ಕಿಬಾಲ:

ಎಲ್ಲರಿಗೂ ಥ್ಯಾಂಕ್ಸ್. ಪ್ಲಗ್ ತೆಗೆದಿದ್ದೇನೆ. ಆನ್-ಆಫ್ ಥರ್ಮೋಸ್ಟಾಟ್ ತರುತ್ತೇನೆ. ಪ್ರೋಬ್ ಎಲ್ಲಿಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರು ಹೊರಗೆ ಮ್ಯಾಟ್‌ಗೂ ಗಾಜಿಗೂ ನಡುವೆ ಅಂತಾರೆ, ಕೆಲವರು ಒಳಗೆ ಅಂತಾರೆ. ಮ್ಯಾಟ್ ಕಿತ್ತು ಮತ್ತೆ ಅಂಟಿಸಬಹುದಾ?

ಮುಸ್ಸಂಜೆ:

ಮೊದಲು ಕೊನೆಯ ಪ್ರಶ್ನೆ. ಅಂಟಿಸಿದ ಮ್ಯಾಟ್ ಕೀಳುವಾಗ ಮಡಚುತ್ತದೆ, ಒಳಗಿನ ಪಟ್ಟಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲೇ ಆಮೇಲೆ ವಿಪರೀತ ಬಿಸಿ ಹುಟ್ಟುತ್ತದೆ. ಕಿತ್ತರೆ ಎಸೆದು ಹೊಸದು ಹಾಕಿ. ಈಗಿರುವ ಮ್ಯಾಟ್‌ನಲ್ಲಿ ಮಡಿಕೆ, ಉಬ್ಬು, ಕಂದು ಕಲೆ ಇದ್ದರೂ ಹೊಸದೇ ಬೇಕು.

ಪ್ರೋಬ್ ಎರಡೂ ಕಡೆ ಇಡಬಹುದು, ಎರಡಕ್ಕೂ ಒಳಿತು ಕೆಡುಕು ಇದೆ. ಹೊರಗಿಟ್ಟರೆ ಗೆಕೋ ಅದನ್ನು ಎಳೆದಾಡುವುದಿಲ್ಲ, ನೀರು ಬೀಳುವುದಿಲ್ಲ. ಆದರೆ ಥರ್ಮೋಸ್ಟಾಟ್ ತೋರಿಸುವ ಸಂಖ್ಯೆ ಒಳಗಿನ ನೆಲದ್ದಲ್ಲ. ಅಲ್ಲಿ 36 ಇದ್ದಾಗ ಒಳಗೆ 32 ಇರಬಹುದು. ಗನ್‌ನಿಂದ ಒಳಗಿನ ನೆಲ ಅಳೆಯುತ್ತಾ, ಅದು ಸರಿಯಾಗುವವರೆಗೆ ಥರ್ಮೋಸ್ಟಾಟ್ ಸಂಖ್ಯೆಯನ್ನು ಹೊಂದಿಸಬೇಕು. ಒಳಗಿಟ್ಟರೆ ಸಂಖ್ಯೆ ನೇರ, ಆದರೆ ಪ್ರೋಬ್ ಅಲುಗಾಡದಂತೆ ಇರಬೇಕು.

ನಾನು ಒಳಗೇ ಇಡುತ್ತೇನೆ. ಮ್ಯಾಟ್ ಇರುವ ಭಾಗದಲ್ಲಿ ಸಡಿಲ ಹಾಸು ಹಾಕುವುದೇ ಇಲ್ಲ. ಗಾಜಿನ ಮೇಲೆ ಪ್ರೋಬ್, ಅದರ ಮೇಲೆ ತೆಳುವಾದ ಕಲ್ಲಿನ ಅಥವಾ ಸೆರಾಮಿಕ್ ಟೈಲ್, ಟೈಲ್ ಮೇಲೆ ಬಿಸಿ ಅಡಗುಗೂಡು. ಹೀಗಾದರೆ ಅಗೆಯಲು ಏನೂ ಇಲ್ಲ, ಗಾಜಿಗೆ ಹೊಟ್ಟೆ ತಾಗುವುದೂ ಇಲ್ಲ. ಟೈಲ್ ಬಿಸಿ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ ಏರಿಳಿತವೂ ಕಡಿಮೆ. ಅಗೆಯುವ ಹಾಸು ತಣ್ಣನೆಯ ಬದಿಯಲ್ಲಿರಲಿ, ಅಲ್ಲಿ ಎಷ್ಟು ಬೇಕಾದರೂ ಅಗೆಯಲಿ.

ಪ್ರೋಬ್ ಅನ್ನು ಅಕ್ವೇರಿಯಂ ಸಿಲಿಕೋನ್ ಇಲ್ಲವೇ ಗ್ಲೂ ಗನ್‌ನಿಂದ ಅಂಟಿಸಿ. ಸಿಲಿಕೋನ್ ವಾಸನೆ ಪೂರ್ತಿ ಹೋಗುವವರೆಗೆ ಪ್ರಾಣಿ ಒಳಗೆ ಬಿಡಬೇಡಿ. ಯಾವ ಕಾರಣಕ್ಕೂ ಟೇಪ್ ಬೇಡ. ಬಿಸಿಗೆ ಟೇಪ್ ಬಿಟ್ಟುಕೊಳ್ಳುತ್ತದೆ, ಅಂಟು ಗೆಕೋ ಮೈಗೆ ಹತ್ತಿದರೆ ಚರ್ಮ ಕಿತ್ತು ಬರುತ್ತದೆ. ಗೂಡಿನೊಳಗೆ ಎಲ್ಲಿಯೂ ಅಂಟು ಟೇಪ್ ಇರಬಾರದು.

ಬಿಳಿಕೋಟು:

ಟೇಪ್ ಮಾತಿಗೆ ನನ್ನ ದನಿಯೂ ಸೇರಿಸಿ. ಹತ್ತಿಕೊಂಡರೆ ಎಳೆಯಬೇಡಿ, ವೈದ್ಯರ ಬಳಿ ತನ್ನಿ.

ನಡುಹಗಲು:

ನನ್ನದು ಬೇರೆ ಅಭಿಪ್ರಾಯ. ಇಷ್ಟೆಲ್ಲ ಕಷ್ಟ ಮ್ಯಾಟ್‌ನಿಂದಲೇ ಬಂದದ್ದು. ಬಿಸಿ ಮೇಲಿಂದ ಬರಬೇಕು. ಸೂರ್ಯ ಇರುವುದು ಮೇಲೆ ಅಲ್ವಾ?

ಹ್ಯಾಲೊಜೆನ್ ಬಲ್ಬ್ ಕೊಡುವ ಇನ್‌ಫ್ರಾರೆಡ್‌ನಲ್ಲಿ (ಕಣ್ಣಿಗೆ ಕಾಣದ ಬಿಸಿಯ ಕಿರಣ) ದೊಡ್ಡ ಪಾಲು ಎ ಮತ್ತು ಬಿ ಬಗೆಯದು. ಬಿಸಿಲಿನಲ್ಲೂ ಇರುವುದು ಮುಖ್ಯವಾಗಿ ಅದೇ. ಎ ಬಗೆಯದು ಚರ್ಮದ ಒಳಗೂ ಸ್ವಲ್ಪ ಇಳಿದು ಮೈಯನ್ನು ಬೆಚ್ಚಗೆ ಮಾಡುತ್ತದೆ. ಮ್ಯಾಟ್, ಸೆರಾಮಿಕ್ ಹೀಟರ್ ಕೊಡುವುದು ಸಿ ಬಗೆಯದು, ಅದು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ. ಮ್ಯಾಟ್ ಗಾಳಿಯನ್ನೂ ಬಿಸಿ ಮಾಡುವುದಿಲ್ಲ. ಕೋಣೆ 15ಕ್ಕೆ ಇಳಿದರೆ ನೆಲ ಒಂದೇ ಬೆಚ್ಚಗಿದ್ದು ಉಳಿದದ್ದೆಲ್ಲ ಚಳಿ.

45 ಸೆಂ.ಮೀ. ಎತ್ತರದ ಟ್ಯಾಂಕ್‌ಗೆ ಜಾಲರಿ ಮುಚ್ಚಳದ ಹೊರಗೆ 50 ವ್ಯಾಟ್ ಹ್ಯಾಲೊಜೆನ್, ಡಿಮ್ಮಿಂಗ್ ಥರ್ಮೋಸ್ಟಾಟ್, ಅದರ ಕೆಳಗೆ ಚಪ್ಪಟೆ ಕಲ್ಲು. ಕಲ್ಲಿನ ಮೇಲೆ 34ರಿಂದ 36 ಇರಲಿ. ಕಲ್ಲಿನ ಅಡಿಯೇ ಬಿಸಿ ಅಡಗುಗೂಡು. ಆನ್-ಆಫ್ ಥರ್ಮೋಸ್ಟಾಟ್ ಮಾತ್ರ ಇದಕ್ಕೆ ಹಾಕಬೇಡಿ. ಬಲ್ಬ್ ಉರಿದು ಆರಿ ಉರಿದು ಆರಿ ಗೆಕೋಗೂ ಹಿಂಸೆ, ಬಲ್ಬೂ ಬೇಗ ಹೋಗುತ್ತದೆ.

ಮುಸ್ಸಂಜೆ:

ನಡುಹಗಲು ಅವರ ಬಲ್ಬ್ ವಿಷಯ ಒಪ್ಪುತ್ತೇನೆ, ಮ್ಯಾಟ್ ಕೆಟ್ಟದ್ದು ಅನ್ನುವುದನ್ನು ಒಪ್ಪುವುದಿಲ್ಲ. ಲೆಪರ್ಡ್ ಗೆಕೋ ಹೊರಗೆ ತಿರುಗುವುದು ಹೆಚ್ಚಾಗಿ ಮುಂಜಾನೆ ಮತ್ತು ಮುಸ್ಸಂಜೆ. ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತದ ವಾಯವ್ಯ ಭಾಗದ ಕಲ್ಲುನೆಲ ಅದರ ಊರು. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಇದ್ದು, ಕಾದ ಕಲ್ಲಿಗೆ ಮೈ ಒತ್ತಿ ಬಿಸಿ ತೆಗೆದುಕೊಳ್ಳುತ್ತದೆ. ಆ ಕಲ್ಲನ್ನು ಕಾಯಿಸಿದ್ದು ಬಿಸಿಲೇ, ಅದೂ ನಿಜ. ಹಗಲು ಮೇಲಿಂದ ಬಲ್ಬ್, ಚಳಿ ಇದ್ದರೆ ರಾತ್ರಿ ಕಡಿಮೆ ಬಿಸಿಯ ಮ್ಯಾಟ್, ಎರಡಕ್ಕೂ ಬೇರೆ ಥರ್ಮೋಸ್ಟಾಟ್. ನಾನು ಮಾಡಿರುವುದು ಹೀಗೆ.

ಹಾಗಂತ ಚುಕ್ಕಿಬಾಲ ಅವರು ಎಲ್ಲವನ್ನೂ ಇವತ್ತೇ ಮಾಡಬೇಕಿಲ್ಲ. ಸರಿಯಾಗಿ ಹಿಡಿತದಲ್ಲಿಟ್ಟ ಮ್ಯಾಟ್, ಹಿಡಿತವಿಲ್ಲದ ಬಲ್ಬ್‌ಗಿಂತ ಎಷ್ಟೋ ವಾಸಿ.

ತಂಪುಕಣಿವೆ:

ನಡುವೆ ಬಂದೆ, ಕ್ಷಮಿಸಿ. ರಾತ್ರಿಗೆ ಕೆಂಪು ಬಲ್ಬ್ ಹಾಕಬಹುದಾ? ಗೆಕೋಗೆ ಕೆಂಪು ಕಾಣುವುದಿಲ್ಲ ಅಂತ ಹೇಳುತ್ತಾರೆ. ಕರೆಂಟ್‌ನಿಂದ ಕಾಯುವ ಕಲ್ಲು ಸಿಗುತ್ತದಲ್ಲ, ಅದು?

ನಡುಹಗಲು:

ಎರಡೂ ಬೇಡ. ಆ ಕಾಯುವ ಕಲ್ಲು ಇಸ್ತ್ರಿಪೆಟ್ಟಿಗೆಯ ಮೇಲೆ ಹೊಟ್ಟೆ ಇಟ್ಟ ಹಾಗೆ. ಸಣ್ಣ ಜಾಗದಲ್ಲಿ ಎಲ್ಲ ಬಿಸಿ, ಅದೂ ಒಂದೊಂದು ಕಡೆ ಒಂದೊಂದು ಥರ.

ಕೆಂಪು ಬಲ್ಬ್ ಬೆಳಕು ಗೆಕೋಗಳಿಗೆ ತೊಂದರೆಯೇ. ಅವುಗಳ ಕಣ್ಣು ಮಂದ ಬೆಳಕಿಗೆ ನಮಗಿಂತ ಎಷ್ಟೋ ಚುರುಕು. ನಮಗೆ ಬಣ್ಣವೇ ಗೊತ್ತಾಗದ ಮಂದ ಬೆಳದಿಂಗಳಷ್ಟು ಬೆಳಕಿನಲ್ಲೂ ಹೆಲ್ಮೆಟ್ ಗೆಕೋ ಅನ್ನುವ ಇನ್ನೊಂದು ಜಾತಿಯ ಗೆಕೋಗಳು ಬಣ್ಣಗಳ ವ್ಯತ್ಯಾಸ ಗುರುತಿಸುತ್ತವೆ ಅನ್ನುವುದನ್ನು ಸ್ವೀಡನ್‌ನ ಸಂಶೋಧಕರು 2004ರಲ್ಲಿ ತೋರಿಸಿದ್ದಾರೆ. ರಾತ್ರಿ ಅಂದರೆ ಕತ್ತಲೆಯೇ ಇರಲಿ. ಬಿಸಿ ಬೇಕೇ ಬೇಕು ಅಂದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಅಥವಾ ಡೀಪ್ ಹೀಟ್ ಪ್ರೊಜೆಕ್ಟರ್ ಹಾಕಿ.

ಫ್ಯೂಸ್‌ವೈರ್:

ಸೆರಾಮಿಕ್ ಹೀಟರ್ ಮಾತು ಬಂದಿದ್ದರಿಂದ ಇದನ್ನು ಹೇಳಲೇಬೇಕು. ಬೆಳಕಿಲ್ಲ ಅಂತ ಅದು ಆರಿದೆ ಅಂದುಕೊಳ್ಳಬೇಡಿ. ಅದರ ಮೈ 200 ಡಿಗ್ರಿಗಿಂತ ಜಾಸ್ತಿ ಕಾಯುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಆ ಬಿಸಿಗೆ ಕರಗುತ್ತದೆ. ಪಿಂಗಾಣಿ ಹೋಲ್ಡರ್, ಬಿಸಿ ತಡೆಯುವ ವೈರ್ ಎರಡೂ ಬೇಕು. ಗೂಡಿನ ಒಳಗೆ ಹಾಕುವುದಾದರೆ ಸುತ್ತ ತಂತಿಯ ಪಂಜರ ಇರಲೇಬೇಕು. ಗೋಡೆ ಹತ್ತುವ ಗೆಕೋಗಳು ಹೀಟರ್‌ನ ಮೇಲೇ ಹೋಗಿ ಕೂರುತ್ತವೆ.

ಬರೀ ಕ್ಲಿಪ್ಪಿನಿಂದ ಸಿಕ್ಕಿಸಿದ ದೀಪವನ್ನು ನಂಬಬೇಡಿ. ಬೆಕ್ಕು ಹಾರಿದರೆ ಸಾಕು, ಬಲ್ಬ್ ಪರದೆಯ ಮೇಲೋ ಹಾಸಿಗೆಯ ಮೇಲೋ ಬೀಳುತ್ತದೆ. ಇನ್ನೊಂದು ಕಡೆಯಿಂದಲೂ ಕಟ್ಟಿ. ಬಟ್ಟೆ, ಕಾಗದ, ಪರದೆ ದೂರ ಇರಲಿ. ಆ ಕೋಣೆಯಲ್ಲಿ ಹೊಗೆಯ ಅಲಾರಂ ಇರಲಿ.

ವೈರ್ ಪ್ಲಗ್‌ಗೆ ಹೋಗುವ ಮೊದಲು ಕೆಳಗೆ ಜೋತು ಮತ್ತೆ ಮೇಲೇರಲಿ. ಆಗ ವೈರ್ ಮೇಲೆ ಹರಿದ ನೀರು ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ. ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕತ್ತರಿಸುವ ಸ್ವಿಚ್) ಹಾಕಿಸಿ. ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಇನ್ನೊಂದು ಬೋರ್ಡ್ ಸಿಕ್ಕಿಸಬೇಡಿ.

ಬೇರೆ ದೇಶದಿಂದ ತಂದ ಮ್ಯಾಟ್ ಆದರೆ ಹಿಂದೆ ಬರೆದಿರುವ ವೋಲ್ಟ್ ನೋಡಿ. 115 ವೋಲ್ಟ್‌ಗೆ ಮಾಡಿದ್ದನ್ನು 230ಕ್ಕೆ ಹಾಕಿದರೆ ವೋಲ್ಟ್ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಬರೀ ಪ್ಲಗ್ ಅಡಾಪ್ಟರ್ ಹಾಕಿದರೆ ವೋಲ್ಟ್ ಬದಲಾಗುವುದಿಲ್ಲ.

ತಂಪುಕಣಿವೆ:

ನನ್ನ ಬಳಿ ಇರುವುದು ಕ್ರೆಸ್ಟೆಡ್ ಗೆಕೋ. ಅದಕ್ಕೂ ಇದೇ 32 ಡಿಗ್ರಿ ಲೆಕ್ಕವಾ?

ಮುಸ್ಸಂಜೆ:

ಅಲ್ಲವೇ ಅಲ್ಲ! ಒಳ್ಳೆಯದಾಯಿತು ಕೇಳಿದಿರಿ. ಕ್ರೆಸ್ಟೆಡ್ ಗೆಕೋ ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಾಡಿನದು. ಒಂದು ಕಾಲದಲ್ಲಿ ಅಳಿದೇ ಹೋಯಿತು ಅಂದುಕೊಂಡಿದ್ದರು, 1994ರಲ್ಲಿ ಮತ್ತೆ ಸಿಕ್ಕಿತು. ಅದಕ್ಕೆ 22ರಿಂದ 26 ಹಿತ. 28 ದಾಟಿದರೆ ಒದ್ದಾಡುತ್ತದೆ, 30ರ ಮೇಲೆ ಹೊತ್ತು ಕಳೆದರೆ ಜೀವಕ್ಕೇ ಅಪಾಯ. ಬೇರೆಯವರ ಲೆಪರ್ಡ್ ಗೆಕೋ ನೋಡಿ ಮ್ಯಾಟ್ ಹಾಕಬೇಡಿ. ಕೋಣೆ 22ರ ಸುತ್ತ ಇದ್ದರೆ ಬೇರೆ ಬಿಸಿಯೇ ಬೇಕಾಗದಿರಬಹುದು. ನಿಮ್ಮ ಚಿಂತೆ ತಂಪಾಗಿಡುವುದು ಹೇಗೆ ಅನ್ನುವುದು. ಥರ್ಮೋಸ್ಟಾಟ್ ಬಿಸಿಯನ್ನು ನಿಲ್ಲಿಸಬಲ್ಲದು, ತಂಪು ಮಾಡಲಾರದು. ಕೋಣೆಯೇ 30 ಆದ ದಿನ ನೀವು ಕೋಣೆಯನ್ನೇ ತಂಪು ಮಾಡಬೇಕು. ಬಟ್ಟೆ ಸುತ್ತಿದ ಐಸ್ ಬಾಟಲಿಯನ್ನು ಗೂಡಿನ ಮೇಲೆ ಒಂದು ಬದಿಗೆ ಇಟ್ಟರೆ ಸ್ವಲ್ಪ ಹೊತ್ತಿಗೆ ಉಪಕಾರ ಆಗುತ್ತದೆ.

ಯಾವ ಗೆಕೋ ಆದರೂ ಗಾಜಿನ ಟ್ಯಾಂಕ್ ಅನ್ನು ನೇರ ಬಿಸಿಲಿಗೆ ಇಡಬೇಡಿ. ಒಳಗೆ ಬಂದ ಬಿಸಿ ಹೊರಗೆ ಹೋಗದೆ ನಿಮಿಷಗಳಲ್ಲಿ ಕೊಲ್ಲುವಷ್ಟು ಏರುತ್ತದೆ.

ಚುಕ್ಕಿಬಾಲ:

ಹಳೆಯ ಮ್ಯಾಟ್ ಒಂದು ಮೂಲೆಯಲ್ಲಿ ಉಬ್ಬಿತ್ತು. ಕಿತ್ತು ಎಸೆದೆ. ಹೊಸದು ಚಿಕ್ಕದು, ತಳದ ಕಾಲು ಭಾಗದಷ್ಟು. ಟ್ಯಾಂಕ್ ಕೆಳಗೆ ರಬ್ಬರ್ ಕಾಲು ಇಟ್ಟಿದ್ದೇನೆ. ಪ್ರೋಬ್ ಒಳಗೆ, ಮೇಲೆ ಕಪ್ಪು ಕಲ್ಲಿನ ಟೈಲ್. ಥರ್ಮೋಸ್ಟಾಟ್ 33ಕ್ಕೆ ಇಟ್ಟರೆ ಟೈಲ್ ಮೇಲೆ 31.8 ಬರುತ್ತಿದೆ. ತಣ್ಣನೆಯ ಬದಿ 25. ಕೋಣೆ 24.

ಫ್ಯೂಸ್‌ವೈರ್ ಅವರು ಹೇಳಿದ್ದನ್ನು ಪರೀಕ್ಷಿಸಲು ಥರ್ಮೋಸ್ಟಾಟ್ ಬಿಟ್ಟು ಮ್ಯಾಟ್ ಅನ್ನು ನೇರವಾಗಿ ಹಾಕಿ, ಪಕ್ಕದಲ್ಲೇ ಕೂತು ನೋಡಿದೆ. ಟೈಲ್ 37ಕ್ಕೆ ಬಂದು ನಿಂತಿತು. ಇದು ಪರವಾಗಿಲ್ಲವಾ? ಗನ್ ಒಂದೊಂದು ಸಲ ಒಂದೊಂದು ತೋರಿಸುತ್ತದೆ, ಅದು ಯಾಕೆ?

ಫ್ಯೂಸ್‌ವೈರ್:

ಖಾಲಿ ಗೂಡಿನಲ್ಲಿ ಈ ಪರೀಕ್ಷೆ ಎಲ್ಲರೂ ಮಾಡಬೇಕು. 37 ಒಳ್ಳೆಯದಲ್ಲ, ಆದರೆ 44 ಅಲ್ಲ, ತಪ್ಪಿಸಿಕೊಳ್ಳಲು ಜಾಗವೂ ಇದೆ. ಕೋಣೆ 30ಕ್ಕೆ ಹೋಗುವ ಕಾಲ ಬಂದರೆ ಇದೇ ಟೈಲ್ 43 ಆದೀತು, ಆಗ ಈ ಮ್ಯಾಟ್‌ನ ಪ್ಲಗ್ಗೇ ತೆಗೆದಿಡಿ. ಅಷ್ಟರಲ್ಲಿ ಎರಡನೇ ಥರ್ಮೋಸ್ಟಾಟ್ 35ಕ್ಕೆ ಇಟ್ಟು ಸೇರಿಸಿ.

ಗನ್ ಅನ್ನು ಹತ್ತಿರದಿಂದ, ನೇರವಾಗಿ ಹಿಡಿಯಿರಿ. ದೂರ ಹೋದಷ್ಟೂ ಅದು ದೊಡ್ಡ ಜಾಗದ ಸರಾಸರಿ ತೋರಿಸುತ್ತದೆ. ಕೆಂಪು ಚುಕ್ಕೆ ಬರೀ ಗುರಿಗೆ, ಅಳೆಯುವುದು ಆ ಚುಕ್ಕೆಯಲ್ಲ. ಗಾಜಿನ ಹೊರಗಿಂದ ಹಿಡಿದರೆ ಗಾಜಿನ ಬಿಸಿ ಸಿಗುತ್ತದೆ, ಒಳಗಿನದಲ್ಲ. ಹೊಳೆಯುವ ಲೋಹದ ಮೇಲೆ ತಪ್ಪು ಲೆಕ್ಕ ಬರುತ್ತದೆ. ಕಪ್ಪು ಕಲ್ಲು ಚೆನ್ನಾಗಿ ಅಳೆಯಬಹುದಾದ ವಸ್ತು.

ಪ್ರೋಬ್ ಸರಿಯಾಗಿದೆಯಾ ನೋಡಲು, ಅದು ನೀರಿಗೆ ತಡೆಯುವಂಥದ್ದಾದರೆ, ಲೋಟದ ತುಂಬ ಐಸ್ ಪುಡಿ ಹಾಕಿ ಸ್ವಲ್ಪ ನೀರು ಬೆರೆಸಿ ಅದರಲ್ಲಿ ಮುಳುಗಿಸಿ. 0 ಹತ್ತಿರ ತೋರಿಸಬೇಕು. 2 ತೋರಿಸಿದರೆ ಯಾವ ಕಡೆ ಎಷ್ಟು ತಪ್ಪುತ್ತಿದೆ ಅಂತ ಗೊತ್ತಾಯಿತು. ಈಗ ಅಂಟಿಸಿ ಆಗಿದೆ, ಎರಡನೇ ಪ್ರೋಬ್‌ಗೆ ಈ ಪರೀಕ್ಷೆ ಮಾಡಿ.

ಹಳೇಗೂಡು:

ನನ್ನ ಅನುಭವದಿಂದ ಒಂದು ಸೇರಿಸುತ್ತೇನೆ. ಸಂಖ್ಯೆಗಳ ಜೊತೆ ಗೆಕೋವನ್ನೂ ನೋಡಿ. ಯಾವಾಗಲೂ ತಣ್ಣನೆಯ ತುದಿಯಲ್ಲೇ ಇದ್ದರೆ, ಬಾಯಿ ತೆರೆದುಕೊಂಡಿದ್ದರೆ ಬಿಸಿ ಅತಿಯಾಗಿದೆ. ಬಿಸಿ ಜಾಗ ಬಿಟ್ಟು ಕದಲದಿದ್ದರೆ, ತಿನ್ನುವುದು ಕಡಿಮೆಯಾದರೆ, ಬಾಲ ಸಣ್ಣಗಾದರೆ ಬಿಸಿ ಸಾಲದೇ ಇರಬಹುದು. ಚೆನ್ನಾಗಿರುವ ಗೂಡಿನಲ್ಲಿ ಅದು ಒಂದು ಹೊತ್ತು ಅಲ್ಲಿ, ಒಂದು ಹೊತ್ತು ಇಲ್ಲಿ ಇರುತ್ತದೆ. ಹೊಸ ಜಾಗಕ್ಕೆ ಬಂದಾಗ ಮೊದಮೊದಲು ಅಡಗಿಯೇ ಇರುತ್ತದೆ, ಅದಕ್ಕೆ ಗಾಬರಿಯಾಗಿ ಥರ್ಮೋಸ್ಟಾಟ್ ತಿರುಗಿಸುತ್ತಾ ಕೂರಬೇಡಿ.

ಬಿಳಿಕೋಟು:

ತಿನ್ನದಿರುವುದಕ್ಕೆ ಬೇರೆ ಕಾಯಿಲೆಯೂ ಕಾರಣ ಇರಬಹುದು. ಬಿಸಿ ಸರಿಯಿದ್ದೂ ಬಾಲ ಕರಗುತ್ತಿದ್ದರೆ ವೈದ್ಯರಿಗೆ ತೋರಿಸಿ.

ಚುಕ್ಕಿಬಾಲ:

ಕೊನೆಯ ಪ್ರಶ್ನೆ. ಕರೆಂಟ್ ಹೋದರೆ? ರಾತ್ರಿ ಮ್ಯಾಟ್ ಆರಿಸಬೇಕಾ?

ಬಿಳಿಕೋಟು:

ಆರೋಗ್ಯವಾಗಿರುವ ದೊಡ್ಡ ಲೆಪರ್ಡ್ ಗೆಕೋಗೆ ರಾತ್ರಿ 20ರವರೆಗೆ ಇಳಿದರೆ ತೊಂದರೆಯಿಲ್ಲ, ಅದರ ಊರಲ್ಲೂ ರಾತ್ರಿ ತಂಪೇ. ಮರಿ ಅಥವಾ ಕಾಯಿಲೆಯ ಪ್ರಾಣಿ ಆದರೆ ಬೆಚ್ಚಗಿನ ಮೂಲೆ ಇರಲಿ. ತಿಂದ ಮೇಲೆ ಮಾತ್ರ ಬಿಸಿ ಬೇಕು. ಬಿಸಿ ಇಲ್ಲದೆ ತಿಂದದ್ದು ಜೀರ್ಣ ಆಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ ಇಲ್ಲವೇ ಕಕ್ಕುತ್ತದೆ. ಸಂಜೆ ತಿನ್ನಿಸಿದ ದಿನ ರಾತ್ರಿಯೂ ಬಿಸಿ ಅಡಗುಗೂಡು ಇರಲಿ.

ಕರೆಂಟ್ ಹೋದಾಗ ತಿನ್ನಿಸಬೇಡಿ. ಬೆಳೆದ ಗೆಕೋ ಕೆಲವು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ, ಬಾಲದಲ್ಲಿ ಕೊಬ್ಬು ಇರುತ್ತದೆ. ಟ್ಯಾಂಕ್ ಸುತ್ತ ಕಂಬಳಿ ಹೊದಿಸಿ, ಗಾಳಿಗೆ ಮೇಲೆ ಜಾಗ ಬಿಡಿ. ಕರೆಂಟ್ ಬಂದಾಗ ಹೀಟರ್ ತಾನಾಗಿ ಆನ್ ಆಗುತ್ತದೆ, ಹಾಗಾಗಿ ಪ್ಲಗ್ ತೆಗೆದ ಮೇಲೇ ಕಂಬಳಿ ಹೊದಿಸಬೇಕು. ತುಂಬಾ ಚಳಿ ಇದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ತುದಿಗೆ ಇಡಿ. ಮೇಣದಬತ್ತಿ, ಕೆಂಡ, ಎಣ್ಣೆ ಸ್ಟವ್ ಹತ್ತಿರವೂ ಬೇಡ.

ಮುಸ್ಸಂಜೆ:

ಇನ್ನೊಂದು ಮಾತು, ಸಂಬಂಧ ಇದೆ ಅಂತ ಹೇಳುತ್ತಿದ್ದೇನೆ. ಲೆಪರ್ಡ್ ಗೆಕೋ ಮೊಟ್ಟೆಗಳನ್ನು 26 ಡಿಗ್ರಿಯಲ್ಲಿ ಇಟ್ಟರೆ ಬಹುಪಾಲು ಹೆಣ್ಣು ಮರಿ, 32ರ ಆಸುಪಾಸಿನಲ್ಲಿ ಇಟ್ಟರೆ ಬಹುಪಾಲು ಗಂಡು. ಆರು ಡಿಗ್ರಿಗೆ ಅಷ್ಟು ವ್ಯತ್ಯಾಸ. ಈ ಪ್ರಾಣಿಗೆ ಬಿಸಿ ಅಂದರೆ ಏನು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಚುಕ್ಕಿಬಾಲ ಅವರೇ, ಒದ್ದೆ ಅಡಗುಗೂಡು ಮರೆಯಬೇಡಿ. ಪೊರೆ ಬಿಡುವಾಗ ಬೇಕು. ಒದ್ದೆ ಪಾಚಿ ಹಾಕಿದ ಡಬ್ಬಿಯನ್ನು ಟೈಲ್ ಮುಗಿಯುವ ಜಾಗದ ಪಕ್ಕ ಇಡಿ, ಪ್ರೋಬ್ ಮೇಲೆ ಮಾತ್ರ ಬೇಡ. ಕನಿಷ್ಠ-ಗರಿಷ್ಠ ನೆನಪಿಡುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಬಿಸಿ ಗೂಡಿನಲ್ಲಿ ಬೇರೆಯಾಗಿ ಇಡಿ. ನೀವು ಮಲಗಿದ್ದಾಗ ಎಷ್ಟು ಏರಿತ್ತು ಅನ್ನುವುದು ಬೆಳಗ್ಗೆ ಅದರಲ್ಲಿ ಸಿಗುತ್ತದೆ.

ಚುಕ್ಕಿಬಾಲ:

ಎರಡನೇ ಥರ್ಮೋಸ್ಟಾಟ್ ಸೇರಿಸಿದೆ, ಐಸ್ ನೀರಿನಲ್ಲಿ ಅದರ ಪ್ರೋಬ್ 0.4 ತೋರಿಸಿತು. ನೆನಪಿಡುವ ಥರ್ಮಾಮೀಟರ್ ಕೂಡ ಇಟ್ಟಿದ್ದೇನೆ. ರಾತ್ರಿಯ ಗರಿಷ್ಠ 32.6, ಕನಿಷ್ಠ 30.9. ಮುಂದಿನ ವಾರ ಗೆಕೋ ಬರುತ್ತದೆ. ಅಲ್ಲಿಯವರೆಗೆ ಹೀಗೇ ಓಡಿಸುತ್ತಾ ದಿನವೂ ಬರೆದಿಡುತ್ತೇನೆ.

ಫ್ಯೂಸ್‌ವೈರ್:

ಪ್ರತಿ ತಿಂಗಳು ಒಮ್ಮೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ಸಾಕೆಟ್ ಒಳಗೆ ಸಡಿಲ ಇದೆ ಅಂತ, ಸರಿ ಮಾಡಿಸಿದ ಮೇಲೇ ಮತ್ತೆ ಆನ್ ಮಾಡಿ.